ಮನೆಯೊಳಗೆ ಮಾಡಿದ ಸಂಜೆ

೧೯೭೯ರ ಚೈತ್ರ ಶುದ್ಧ ತದಿಗೆಯ ದಿನ ನಮ್ಮ ಮನೆಯ ಗೌರಿ ಜೋಕಾಲಿ ಏರಿದಳು. ಅವಳನ್ನು ನೋಡಲು ಯಾರೂ ಬರಲಿಲ್ಲ.

ಆ ವರ್ಷದ ಆರಂಭದಲ್ಲಿ ನಾವು ನಾರಾಯಣಗೂಡದ ಕೂಡುಮನೆ ಬಿಟ್ಟು, ಪಟಾನ್‌ಚೆರು ರಸ್ತೆಯ ಮೇಲಿದ್ದ ಕಾರ್ಖಾನೆಯೊಂದರ ಕಾಲೊನಿಗೆ ಬಂದಿದ್ದೆವು. ಅಪ್ಪ ಆ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದರು. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಂದು ನಲ್ಲಿ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಹದಿಮೂರು ವರ್ಷದ ಅಕ್ಕ, ಹತ್ತು ವರ್ಷದ ನಾನು. ಐದು ಜನಕ್ಕೆ ಮನೆ ಸಾಕಾಗಿತ್ತು.

ಉತ್ತರ ಕರ್ನಾಟಕದ ನಮ್ಮಂಥ ಮನೆಗಳಲ್ಲಿ ಚೈತ್ರ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಒಂದು ತಿಂಗಳು ಗೌರಿ ತವರಿಗೆ ಬಂದಿರುತ್ತಾಳೆ. ಗೇಣುದ್ದದ ಹಿತ್ತಾಳೆ ಜೋಕಾಲಿಯಲ್ಲಿ ಅವಳನ್ನು ಕೂರಿಸಿ ಸುತ್ತಲೂ ಅಲಂಕಾರ ಕಟ್ಟುತ್ತಾರೆ. ಅದಕ್ಕೆ ಆರಾಸ ಎನ್ನುತ್ತೇವೆ. ಆರಾಸಕ್ಕೆ ಅಂಗಡಿಯಿಂದ ಏನನ್ನೂ ತರಬಾರದು, ಮನೆಯಲ್ಲಿದ್ದುದರಲ್ಲೇ ಮಾಡಬೇಕು ಎಂಬುದು ಅಜ್ಜಿಯ ನಿಯಮ. ತಿಂಗಳೊಳಗೆ ಒಂದು ಮಂಗಳವಾರವೋ ಶುಕ್ರವಾರವೋ ಹೆಂಗಸರನ್ನು ಹಳದಿ-ಕುಂಕುಮಕ್ಕೆ ಕರೆದು, ಮಾವಿನಕಾಯಿ ಪಾನಕ, ಕೋಸಂಬರಿ ಕೊಟ್ಟು, ಉಡಿಯಲ್ಲಿ ನೆನೆಸಿದ ಕಡಲೆ ಹಾಕಿ ಕಳಿಸುತ್ತಾರೆ.

ನಾರಾಯಣಗೂಡದಲ್ಲಿ ಕರೆಯುವ ಕೆಲಸವೇ ಇರಲಿಲ್ಲ. ಓಣಿಯ ತುಂಬ ನಮ್ಮ ಕಡೆಯವರೇ. ದೀಪ ಹಚ್ಚಿದೊಡನೆ ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಕಾಲೊನಿಯಲ್ಲಿ ಹೆಚ್ಚಿನವರು ತೆಲುಗರು, ಕರೆಯದೆ ತಾವಾಗಿ ಬರುವವರಲ್ಲ. ಆದ್ದರಿಂದ ಅವ್ವ ಈ ಸಲ ಮೊದಲ ದಿನವೇ ಹತ್ತಿರದ ಸಾಲಿನವರನ್ನೆಲ್ಲ ಕರೆಯಲು ನಿರ್ಧರಿಸಿದಳು. ನಾನೂ ಅಕ್ಕನೂ ಕುಂಕುಮದ ಭರಣಿ ಹಿಡಿದು ಹದಿನೆಂಟು ಮನೆಗಳಿಗೆ ಹೋದೆವು. ಅವ್ವ ಕಲಿಸಿದಂತೆ, ‘ದೀಪ ಹಚ್ಚೋ ಹೊತ್ತಿಗೆ ಬರ್ರಿ’ ಎಂಬುದನ್ನು ತೆಲುಗಿನಲ್ಲಿ ಹೇಳಿದೆವು. ಎಲ್ಲರೂ ನಕ್ಕು ತಲೆಯಾಡಿಸಿದರು.

ಸಂಜೆ ಏಳೂವರೆಗೆ ಅವ್ವ ಪಾನಕದ ಪಾತ್ರೆಗೆ ಮುಚ್ಚಳ ಹಾಕಿದಳು. ಕಲ್ಲಂಗಡಿಯನ್ನು ಕಮಲದ ಹಾಗೆ ಕೊರೆದು ಇಟ್ಟಿದ್ದಳು. ಅದರ ದಳಗಳು ಬಾಡಿ ಬಗ್ಗಿದ್ದವು.

ರಾತ್ರಿ ಊಟಕ್ಕೆ ಎಲ್ಲರಿಗೂ ಕೋಸಂಬರಿಯೇ. ಬಡಿಸುತ್ತಾ ಅವ್ವ ಅಪ್ಪನಿಗೆ ಹೇಳಿದಳು: “ಅಕ್ಷಯ ತದಿಗಿ ಒಳಗ ಐದು ಮಂದಿ ಮುತ್ತೈದೇರು ಈ ಹೊಸ್ತಲಾ ದಾಟಲಿಲ್ಲಂದ್ರ ಗೌರಿ ತಿರಗಿ ನಾರಾಯಣಗೂಡಕ್ಕ ಹೋಗತಾಳ. ಅಕಿ ಜೋಡಿ ನಾನೂ, ಹುಡುಗ್ಯಾರೂ. ನೀವು ಬಸ್ಸಿನ್ಯಾಗ ಓಡ್ಯಾಡ್ರಿ.”

ಅಪ್ಪ ಇನ್ನಷ್ಟು ಕೋಸಂಬರಿ ಹಾಕಿಸಿಕೊಂಡರು. ನಾರಾಯಣಗೂಡದಿಂದ ಕಾರ್ಖಾನೆಗೆ ಎರಡು ಬಸ್ಸು ಬದಲಿಸಿ ಅವರು ಆರು ವರ್ಷ ಓಡಾಡಿದ್ದರು.

ಯಾರೂ ಬರದಿದ್ದುದಕ್ಕೆ ಕಾರಣ ಮರುದಿನವೇ ತಿಳಿಯಿತು. ಎದುರುಮನೆಯ ತೆಲುಗು ಹೆಂಗಸು ತಾನಾಗಿಯೇ ಬಂದು ಅವ್ವನ ಕೈ ಹಿಡಿದುಕೊಂಡಳು. “ಅಯಿದು ಗಂಟಲಕಿ ನೀಳ್ಳು ವಸ್ತಾಯಿ ಕದಾ, ವದಿನಾ!” ಎಂದಳು. ಐದಕ್ಕೆ ನಲ್ಲಿಯಲ್ಲಿ ನೀರು ಬರುತ್ತದಲ್ಲ, ಅತ್ತಿಗೆ! ಕಾಲೊನಿಗೆ ಸಂಜೆ ಐದರಿಂದ ಆರರವರೆಗೆ ಮಾತ್ರ ನೀರು. ಅದೇ ಹೊತ್ತಿಗೆ ಪಾಳಿ ಮುಗಿಸಿದ ಗಂಡಸರು ಮನೆಗೆ ಬರುತ್ತಾರೆ. ಆಮೇಲೆ ಚಹಾ, ಮಕ್ಕಳ ಪಾಠ, ಅಡುಗೆ. ಹೆಂಗಸರಿಗೆ ಬಿಡುವು ಇದ್ದದ್ದು ಮಧ್ಯಾಹ್ನ ಮೂರರಿಂದ ಐದರವರೆಗೆ. ನಾವೂ ದಿನವೂ ಐದಕ್ಕೆ ನೀರು ತುಂಬುತ್ತಿದ್ದೆವು. ಆದರೂ ಅವ್ವನಿಗೆ ಇದು ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಕೊಡ ಹಿಡಿಯುತ್ತಿದ್ದವರು ನಾನು ಮತ್ತು ಅಕ್ಕ.

“ಹಂಗಾರ ಶುಕ್ರವಾರ ಮಧ್ಯಾಹ್ನ ಮೂರಕ್ಕ ಕರೀತೀನಿ,” ಎಂದಳು ಅವ್ವ.

“ಮಟಮಟ ಮಧ್ಯಾಹ್ನ ಹಳದಿ-ಕುಂಕುಮನ? ಹಳದಿ-ಕುಂಕುಮ ಅಂದ್ರ ದೀಪ ಹಚ್ಚಿದ ಮ್ಯಾಲ,” ಎಂದರು ಅಜ್ಜಿ. “ನಾ ಇರೋತನಕ ಆಗಂಗಿಲ್ಲ.”

ಅವ್ವ ಅತ್ತೆಗೆ ಎದುರಾಡುವವಳಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಭಾನುವಾರ ಅಪ್ಪ ಎಲ್ಲರನ್ನೂ ಗೋಲ್ಕೊಂಡಕ್ಕೆ ಹೊರಡಿಸಿದರು. ಚಪಾತಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ. ದಾರಿಯುದ್ದಕ್ಕೂ ಬೇವಿನ ಮರಗಳು ಹೂ ಬಿಟ್ಟಿದ್ದವು. ಬಸ್ಸಿನ ಕಿಟಕಿಯಲ್ಲಿ ವಾಸನೆ ಬರುತ್ತಿತ್ತು. ಕೋಟೆಯ ಬಾಗಿಲ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದೆ. ಮಂಡಿನೋವಿನ ಅಜ್ಜಿ ಹತ್ತಲಾರರು. ಅವರನ್ನು ಬಾಗಿಲ ಕಮಾನಿನ ಕೆಳಗೆ, ತಂಪಿನಲ್ಲಿ, ಬುತ್ತಿಯ ಚೀಲದ ಜೊತೆ ಕೂರಿಸಿದೆವು. “ನಾವು ಮ್ಯಾಲ ಹೋಗಿ ಅರಿವಿ ಬೀಸತೀವಿ. ಆವಾಗ ಚಪ್ಪಾಳಿ ಹೊಡಿ, ಅವ್ವಾ,” ಎಂದು ಅಪ್ಪ ಅಜ್ಜಿಗೆ ಹೇಳಿದರು.

ತುದಿ ತಲುಪಿ ಅಕ್ಕ ಟವೆಲ್ ಬೀಸಿದಳು. ಅದನ್ನು ಕಂಡ ದಾರಿಹೋಕರೊಬ್ಬರು ಅಜ್ಜಿಗೆ ಹೇಳಿರಬೇಕು. ಸ್ವಲ್ಪ ಹೊತ್ತಿಗೆ ಚಪ್ಪಾಳೆ ಬಂತು. ಟಪ್, ಟಪ್, ಟಪ್. ಪಕ್ಕದಲ್ಲಿ ನಿಂತು ಹೊಡೆದಷ್ಟು ಸ್ಪಷ್ಟ. ಆ ತದಿಗೆಯ ಸಂಜೆಯ ನಂತರ ಅವ್ವ ಮೊದಲ ಸಲ ನಕ್ಕಳು. “ನೋಡ್ರಿ, ನಿಮ್ಮವ್ವನ ಚಪ್ಪಾಳಿ ಬೆಟ್ಟಾ ಹತ್ತಿ ಬಂತು. ನಾ ಕರದದ್ದು ಎದರಮನಿಗೂ ಮುಟ್ಟಲಿಲ್ಲ.”

ನಾವು ಇಳಿದು ಬಂದಾಗ ಅಜ್ಜಿ ಕಮಾನಿನ ಒಳಗಿನ ಕತ್ತಲಿಗೆ ಸರಿದು ಕೂತಿದ್ದರು. ಹೊರಗೆ ಕಣ್ಣು ಬಿಡಲಾರದ ಬಿಸಿಲು.

“ಎಷ್ಟೊತ್ತು ಮಾಡಿದ್ರಿ!” ಎಂದರು. “ಹೊರಗ ಮಧ್ಯಾಹ್ನ ಇದ್ದೀತು. ಇಲ್ಲಿ ಆಗಲೆ ಸಂಜಿ ಆಗ್ಯದ.”

ಅವ್ವ ಚಪಾತಿಯ ಗಂಟು ಬಿಚ್ಚುತ್ತಿದ್ದವಳು ನಿಲ್ಲಿಸಿದಳು. ಮರಳುವಾಗ ಬಸ್ಸಿನಲ್ಲಿ ಹೇಳಿದಳು: “ಅತ್ತಿ, ಮನೀ ಒಳಗೂ ಸಂಜಿ ಮಾಡಿದ್ರ? ಕಿಟಕಿಗೆ ಕೌದಿ ಕಟ್ಟಿ, ದೀಪಾ ಹಚ್ಚಿದ್ರ? ನೀವ ಅಂದ್ರೆಲ್ಲ, ಕತ್ತಲಾದ್ರ ಸಂಜಿ ಅಂತ.”

ಅಜ್ಜಿ ಎರಡು ಸ್ಟಾಪು ಮಂಡಿ ತಿಕ್ಕಿಕೊಂಡರು. ಮೂರನೆಯದರಲ್ಲಿ, “ನನ್ನ ಮಾತು ನನಗ ಕಟ್ಟತೀ ಏನ? ಕೌದಿ ಸಾಲೂದಿಲ್ಲ, ನನ್ನ ಕಂಬಳೀನೂ ತಗೊ,” ಎಂದರು.

ಅಪ್ಪ ಅಂದು ರಾತ್ರಿಯೇ ಆರಾಸಕ್ಕೆ ನಕ್ಷೆ ಬರೆದರು. ಗೌರಿ ಈ ಸಲ ಗೋಲ್ಕೊಂಡದ ತುದಿಯಲ್ಲಿ ಕೂರಬೇಕು. ಬೋರಲು ಹಾಕಿದ ಡಬ್ಬಿಗಳ ಮೇಲೆ ಅವ್ವನ ಹಳೇ ಸೀರೆ ಹೊದಿಸಿದಾಗ ಅದು ಬೆಟ್ಟವಾಯಿತು. ಕಾಲೊನಿಯ ಮಕ್ಕಳಿಂದ ಖಾಲಿ ಬೆಂಕಿಪೊಟ್ಟಣ ಕೂಡಿಸಿ ನಾನು ಗೋಡೆ ಕಟ್ಟಿದೆ. ಅದರ ಮೇಲೆ ಮೈದಾ ಅಂಟು ಸವರಿ, ಸೋಸಿ ಒಣಗಿಸಿದ ಚಹಾಪುಡಿ ಉದುರಿಸಿದರೆ ಥೇಟ್ ಕಲ್ಲು. ದಾರ ಮುಗಿದ ರೀಲುಗಳು ಫಿರಂಗಿಗಳಾದವು. ಅಕ್ಕ ತಟ್ಟೆಗಳಲ್ಲಿ ಮಣ್ಣು ಹರಡಿ ಸಾಸಿವೆ ಬಿತ್ತಿದಳು. ಕೋಟೆಯ ಬುಡದಲ್ಲಿ ಹಸಿರು ಬರಲು ಅದಕ್ಕೆ ಒಂದು ವಾರ ಬೇಕಾಯಿತು. ಹಾಗಾಗಿ ಹಳದಿ-ಕುಂಕುಮ ಒಂದು ಶುಕ್ರವಾರ ಮುಂದೆ ಹೋಯಿತು. ಚಪ್ಪಾಳೆ ತುದಿಯಲ್ಲಿ ಕೇಳಿಸುವಂತೆ ಮಾಡಲು ಮಾತ್ರ ದಾರಿ ಸಿಗಲಿಲ್ಲ. ಅಪ್ಪ ದಾರ, ತಗಡು, ರಬ್ಬರು ಎಲ್ಲ ಕಟ್ಟಿ ನೋಡಿದರು.

“ಎದಕ್ಕ ಒದ್ದ್ಯಾಡತೀ ತಮ್ಮಾ?” ಎಂದರು ಅಜ್ಜಿ. “ಬೆಟ್ಟದ ಹಿಂದ ನಾ ಗಂಟಿ ಹಿಡದು ಕೂಡತೀನಿ. ಬಾಗಲಾಗ ಚಪ್ಪಾಳಿ ಹೊಡದ್ರ ಬಾರಸತೀನಿ. ಗೋಲ್ಕೊಂಡದಾಗ ತಳಗ ಕೂತಿದ್ದೆ, ಇಲ್ಲಿ ತುದೀಗೆ ಕೂಡತೀನಿ.”

ಮೂರಕ್ಕೆ ಬಂದು ಬಾಗಿಲಲ್ಲಿ ಚಪ್ಪಾಳೆ ತಟ್ಟಬೇಕೆಂದು ನಾನೂ ಅಕ್ಕನೂ ಹದಿನೆಂಟು ಮನೆಗಳಿಗೂ ಮತ್ತೆ ಹೇಳಿಬಂದೆವು. ಆ ಶುಕ್ರವಾರ ಎರಡೂವರೆಗೆ ಮೂರು ಕೌದಿ, ಒಂದು ಕಂಬಳಿ ಕಿಟಕಿ-ಬಾಗಿಲಿಗೆ ಏರಿದವು. ಹನ್ನೊಂದು ಎಣ್ಣೆದೀಪ ಹಚ್ಚಿದೆವು. ಮೂರಾಯಿತು. ಮೂರು ಹತ್ತಾಯಿತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಮೂರೂಕಾಲಿಗೆ ಹೊಸ್ತಿಲಲ್ಲಿ ಚಪ್ಪಾಳೆ ಕೇಳಿಸಿತು. ಎದುರುಮನೆಯ ಹೆಂಗಸು. ಅವಳ ಹಿಂದೆ ಇನ್ನೂ ನಾಲ್ವರು.

ಬೆಟ್ಟದ ಹಿಂದಿನಿಂದ ಗಂಟೆ ಮೊಳಗಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗು. ಪ್ರತಿಯೊಬ್ಬರಿಗೂ ತಾವೇ ತಟ್ಟಿ ನೋಡಬೇಕು. ನೋಡಿದವರು ಹೋಗಿ ಪಕ್ಕದ ಮನೆಯವರನ್ನು ಕರೆತಂದರು. ಕರೆಯದ ಸಾಲಿನವರೂ ಬಂದರು. ಸ್ವಲ್ಪ ಹೊತ್ತಿಗೆ ಬೆಟ್ಟ ಮಾತಾಡಿತು: “ಸಾಕ್ರವ್ವಾ! ನಿಮ್ಮ ಚಪ್ಪಾಳಿಗೆ ನನ್ನ ಕೈ ಬಿದ್ದುಹೋತು. ಪಾನಕ ಕುಡೀರಿ!” ಕನ್ನಡ ಬಾರದವರೂ ನಕ್ಕರು. ಬಂದವರು ನನ್ನ ಎಣಿಕೆಯಲ್ಲಿ ಇಪ್ಪತ್ತನಾಲ್ಕು, ಅಜ್ಜಿಯ ಪ್ರಕಾರ ಇಪ್ಪತ್ತಾರು. ಅಜ್ಜಿ ಚಪ್ಪಾಳೆ ಎಣಿಸಿದ್ದರು.

ಯಾರೋ ತೆಲುಗಿನಲ್ಲಿ ಜೋಕಾಲಿಯ ಹಾಡು ಹೇಳಿದರು. ಅವ್ವ ಕನ್ನಡದಲ್ಲಿ ಒಂದು ಹೇಳಿದಳು. ಕತ್ತಲಲ್ಲಿ ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಕಾರ್ಖಾನೆಯ ಐದು ಗಂಟೆಯ ಸೈರನ್ ಕೂಗಿತು.

“ಅಮ್ಮೋ, ನೀಳ್ಳು!” ಎಂದು ಎದುರುಮನೆಯವಳು ಚೀರಿದಳು. ಉಡಿಯ ಕಡಲೆ ಚೆಲ್ಲುತ್ತಾ, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು, ಎಲ್ಲರೂ ಮನೆಗಳತ್ತ ಓಡಿದರು. ಅಕ್ಕ ಕೌದಿ ಸರಿಸಿದಳು. ಹೊರಗೆ ಇನ್ನೂ ನಿಚ್ಚಳ ಬಿಸಿಲಿತ್ತು.

ಲೋಟ ತೊಳೆದು, ಚಪ್ಪಲಿ ಜೋಡಿಸಿ, ನೆಲದ ಕಡಲೆ ಹೆಕ್ಕುವಷ್ಟರಲ್ಲಿ ಆರು ದಾಟಿತ್ತು. ನಮ್ಮ ಮನೆಯಲ್ಲಿ ಆ ದಿನ ಯಾರೂ ನೀರು ತುಂಬಿರಲಿಲ್ಲ. ಅಪ್ಪ ಬಂದು ಕೈಕಾಲು ತೊಳೆಯಲು ಹೋದಾಗ ಹಂಡೆಯಲ್ಲಿ ತಳದಷ್ಟೇ ಇತ್ತು. ಚಪ್ಪಲಿ ಬದಲಿಸಿಕೊಳ್ಳಲು ಬಂದ ಎದುರುಮನೆಯವಳಿಗೆ ಅದು ಗೊತ್ತಾಯಿತು. ಅರ್ಧ ಗಂಟೆಯೊಳಗೆ ನಮ್ಮ ಹೊಸ್ತಿಲಿನ ಮುಂದೆ ಏಳು ಬಕೆಟ್ ನೀರು ಬಂದು ಕೂತವು. ತಂದವರೆಲ್ಲ ಇಳಿಸಿದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿದರು. ಅಜ್ಜಿ ಒಳಗಿನಿಂದ ಗಂಟೆ ಬಾರಿಸಿದರು.

“ನಾರಾಯಣಗೂಡಕ್ಕ ಯಾವಾಗ ಹೊರಡೂದು?” ಎಂದು ಅಪ್ಪ ಕೇಳಿದರು.

“ಮೊದಲ ಈ ಬಕೆಟ್ ಯಾರ್‍ಯಾರವು ಅಂತ ನೋಡಿ ಕೊಟ್ಟು ಬರ್ರಿ,” ಎಂದಳು ಅವ್ವ.

ಅಪ್ಪ ನಿವೃತ್ತರಾಗುವವರೆಗೆ ಗೌರಿ ಆ ಮನೆಯಲ್ಲೇ ಜೋಕಾಲಿ ಏರಿದಳು. ಈಗ ಅವಳು ಮಿಯಾಪುರದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ, ಅಕ್ಕನ ಮನೆಯಲ್ಲಿದ್ದಾಳೆ. ಅಜ್ಜಿ ಇಲ್ಲ. ಈ ಚೈತ್ರದಲ್ಲಿ ಆರಾಸದ ಹಿಂದೆ ಕೂತು ಗಂಟೆ ಬಾರಿಸಿದವಳು ಅವ್ವ. ಅಪಾರ್ಟ್‌ಮೆಂಟಿನ ನಲ್ಲಿಗಳಲ್ಲಿ ದಿನವಿಡೀ ನೀರು ಬರುತ್ತದೆ. ಹಳದಿ-ಕುಂಕುಮಕ್ಕೆ ಕರೆದದ್ದು ಮಧ್ಯಾಹ್ನ ಮೂರು ಗಂಟೆಗೆ.