ಹುಳುಮನೆಯ ಡಬ್ಬಿ ಮತ್ತು ಜ್ಯೋತಿಲಕ್ಷ್ಮಿಯ ಮೀಟರು

ಮಾಲು ನೋಡುವ ಕಣ್ಣಿನಿಂದ ನೋಡಿದರೆ ಜ್ಯೋತಿಲಕ್ಷ್ಮಿ ಹೀಗೆ: ಎತ್ತರ ಸಾಧಾರಣ, ಕೈ ಚಿಕ್ಕದಾದರೂ ನಡುಕವಿಲ್ಲ, ನಾಲಿಗೆ ಮೊದಲ ದರ್ಜೆಯದು, ತಾಳ್ಮೆಯ ಸ್ಟಾಕು ಮಾತ್ರ ಎಂದೂ ಬಂದಿಲ್ಲ. ಚಿಂತಾಮಣಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಕೆಯ ರಿಪೇರಿ ಅಂಗಡಿ. ಮಿಕ್ಸಿಯಾಗಲಿ, ಬೋರ್‌ವೆಲ್ ಸ್ಟಾರ್ಟರ್ ಆಗಲಿ, ತಂದದ್ದನ್ನು ಸರಿಮಾಡಿ ಕೊಡುತ್ತಾಳೆ. ಆದರೆ ಪಾಠ ಕೇಳಿಸದೆ ಯಾರನ್ನೂ ಕಳಿಸುವುದಿಲ್ಲ.

ರೆಸಿಸ್ಟರ್ ಅಂದರೆ ಕಾಲುವೆಗೆ ಅಡ್ಡ ಇಟ್ಟ ಕಲ್ಲು, ನೀರನ್ನು ತಡೆದು ತಡೆದು ಬಿಡುತ್ತದೆ. ಕೆಪಾಸಿಟರ್ ಅಂದರೆ ಮನೆ ಮುಂದಿನ ಸಂಪು, ಬಂದಾಗ ತುಂಬಿಕೊಂಡು ಬೇಕಾದಾಗ ಕೊಡುತ್ತದೆ. ಡಯೋಡ್ ಅಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಕೇಳುತ್ತಾ ತಲೆಯಾಡಿಸಬೇಕು, ಆಡಿಸದವರ ಮಿಕ್ಸಿ ಸಾಲಿನ ಕೊನೆಗೆ ಹೋಗುತ್ತದೆ. ಕೊನೆಯಲ್ಲಿ ಮಂತ್ರ ಒಂದೇ: ಮೊದಲು ಮೀಟರ್ ಇಟ್ಟು ಅಳೆಯಬೇಕು, ಆಮೇಲೆ ಬಾಯಿ ತೆಗೆಯಬೇಕು.

ಈ ಸಲ ಆಯುಧಪೂಜೆ ಕಳೆದ ವಾರದಲ್ಲೇ ಕೆಂಚಾರ್ಲಹಳ್ಳಿಯ ವೆಂಕಟರವಣಪ್ಪ ಒಂದು ಡಬ್ಬಿಯನ್ನು ಟವೆಲ್ಲಿನಲ್ಲಿ ಎಳೆಕೂಸಿನಂತೆ ಸುತ್ತಿಕೊಂಡು ಬಂದರು. ಅದು ಅವರ ರೇಷ್ಮೆ ಹುಳುಮನೆಯ ಡಬ್ಬಿ. ಒಳಗೆ ಚಳಿಯಾದರೆ ತಾನೇ ಹೀಟರ್ ಹಾಕಿ, ಬೆಚ್ಚಗಾದರೆ ತಾನೇ ಆರಿಸುತ್ತದೆ. ಎರಡು ದಿನದಿಂದ ಹೀಟರ್ ಹತ್ತಿಲ್ಲ. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿವೆ, ಸೊಪ್ಪನ್ನು ರಾಶಿರಾಶಿಯಾಗಿ ತಿನ್ನಬೇಕಾದ ಹೊತ್ತು. ಚಳಿಗೆ ಮುದುರಿಕೊಂಡು ಸೊಪ್ಪು ಮುಟ್ಟುತ್ತಿಲ್ಲ. ಡಬ್ಬಿಯ ಹಂಗೇ ಬೇಡವೆಂದು ಹಿಂದಿನ ರಾತ್ರಿ ಹೀಟರನ್ನು ನೇರವಾಗಿ ಕರೆಂಟಿಗೆ ಹಾಕಿ ತಾವೇ ಕಾವಲು ಕೂತಿದ್ದರು. ಕೂತವರು ನಿದ್ದೆ ಹೋದರು, ಹೀಟರ್ ಪಕ್ಕದ ತಟ್ಟೆಯ ಹುಳು ಬೆಂದುಹೋದವು. ಇನ್ನೊಂದು ರಾತ್ರಿ ಹೀಗೇ ಆದರೆ ಇಡೀ ಬೆಳೆ ಗುಂಡಿಗೆ.

ಜ್ಯೋತಿಲಕ್ಷ್ಮಿ ಮುಚ್ಚಳ ತೆಗೆದವಳೇ ಸೆನ್ಸರ್ ಹೋಗಿದೆ ಎಂದಳು. ಮೀಟರ್ ಕೈಯಳತೆಯಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಸೆನ್ಸರ್ ಕೂಡ ಒಂದು ರೆಸಿಸ್ಟರೇ, ಬಿಸಿ ಏರಿದಷ್ಟೂ ಅದರ ತಡೆ ಇಳಿಯುತ್ತದೆ, ಡಬ್ಬಿ ಆ ತಡೆಯನ್ನು ನೋಡಿಯೇ ಚಳಿಯೋ ಬಿಸಿಯೋ ತಿಳಿಯುತ್ತದೆ ಎಂದು ಪಾಠ ಹೇಳುತ್ತಾ ಹೊಸದನ್ನು ಹಾಕಿದಳು. ಜ್ಯೂಸ್ ಅಂಗಡಿಯ ಐಸ್ ತುಂಡನ್ನು ಸೆನ್ಸರಿಗೆ ಒತ್ತಿದಳು. ಹೀಟರ್ ಹಾಕಿದೆ ಎಂದು ತೋರಿಸುವ ದೀಪ ಹತ್ತಬೇಕಿತ್ತು, ಹತ್ತಲಿಲ್ಲ. ಮತ್ತೊಂದು ಸೆನ್ಸರ್ ಹಾಕಿದಳು. ಅದೂ ಅಷ್ಟೇ. ಆಗ ಬೋರ್ಡೇ ಕಳಪೆ, ಬೆಂಗಳೂರಿನಿಂದ ಹೊಸದು ತರಿಸಬೇಕು, ನಾಲ್ಕು ದಿನ ಹಿಡಿಯುತ್ತದೆ ಎಂದು ತೀರ್ಪು ಕೊಟ್ಟಳು.

ನಾಲ್ಕು ದಿನ ಎಂದದ್ದೇ ವೆಂಕಟರವಣಪ್ಪನವರ ಮುಖ ಇಳಿಯಿತು. ಟವೆಲ್ಲನ್ನು ಹಿಂಡುತ್ತಾ ನಿಂತರು.

“ಜ್ಯೋತಮ್ಮ, ಒಳಗಡೆ ಏನಾದ್ರೂ ಬಿದ್ದಿದ್ರೆ ಹಿಂಗಾಗ್ತದಾ?”

“ಏನು ಬಿದ್ದಿರ್ತದೆ ಯಜಮಾನ್ರೇ, ಹಲ್ಲಿನಾ?”

“ಬಿದ್ದಿದ್ದಲ್ಲಮ್ಮ, ನಾನೇ ಇಟ್ಟಿದ್ದು. ಪೂಜೆ ದಿನ ಎಲ್ಲಾರೂ ಡಬ್ಬಿ ಮೇಲೆ ಕುಂಕುಮ ಇಡ್ತಾರೆ. ಮೇಲಿರೋದು ಬರೀ ತಗಡು, ದುಡಿಯೋದು ಒಳಗಿರೋವು ಕದಾ? ಮುಚ್ಚಳ ತೆಗ್ದು ಒಂದೊಂದಕ್ಕೂ ಗಂಧ ಕುಂಕುಮ ಇಟ್ಟೆ. ನೀನು ಬೈತೀಯ ಅಂತ ಬರೋವಾಗ ಒರೆಸ್ಕೊಂಡು ಬಂದೆ.”

ಜ್ಯೋತಿಲಕ್ಷ್ಮಿ ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಮೇಲೆಲ್ಲ ಸ್ವಚ್ಛ, ಬಿಡಿಭಾಗಗಳ ಕಾಲ ಸಂದಿಯಲ್ಲಿ ಮಾತ್ರ ಕೆಂಪು ಗಂಧ ಹಸಿಹಸಿಯಾಗಿ ಕೂತಿತ್ತು. ಆಕೆ ಸೆನ್ಸರ್ ಬಿಚ್ಚಿ, ಕೊನೆಗೂ ಮೀಟರ್ ಎತ್ತಿಕೊಂಡು, ಸೆನ್ಸರ್ ಕೂರುವ ಎರಡು ತುದಿಗೆ ಅದರ ಕಡ್ಡಿ ಇಟ್ಟಳು. ಸೆನ್ಸರೇ ಇಲ್ಲದ ಜಾಗದಲ್ಲಿ ಕರೆಂಟ್ ಓಡಾಡುತ್ತಿತ್ತು. ಕಡ್ಡಿ ತೆಗೆದು ಮತ್ತೊಮ್ಮೆ ಇಟ್ಟು ನೋಡಿದಳು, ಅದೇ ಅಳತೆ.

“ಅಳೆದು ಬಾಯಿ ತೆಗೀಬೇಕು ಅಂತ ಯಾರೋ ಹೇಳ್ತಿದ್ರಮ್ಮ,” ಎಂದರು ವೆಂಕಟರವಣಪ್ಪ, ಬಹಳ ಮೆತ್ತಗೆ.

“ಪೂಜೆ ಮಾಡ್ದೋರು ಸುಮ್ನಿರಿ. ಒಣಗಿದ್ರೆ ಏನೂ ಆಗ್ತಿರ್ಲಿಲ್ಲ. ಹುಳುಮನೆ ತೇವಕ್ಕೆ ನಿಮ್ಮ ಕುಂಕುಮ ಸೆನ್ಸರ್ ಪಕ್ಕದಲ್ಲೇ ಇನ್ನೊಂದು ಕಾಲುವೆ ತೋಡೈತೆ. ಎರಡು ದಾರೀಲಿ ಕರೆಂಟ್ ಹೋದ್ರೆ ತಡೆ ಕಮ್ಮಿ ಆಯ್ತು, ಬಿಸಿ ಜಾಸ್ತಿ ಆಯ್ತು ಅಂತ ಡಬ್ಬಿ ತಿಳ್ಕೊಂಡ್ತು. ಬೇಸಿಗೇಲಿ ಯಾರಾದ್ರೂ ಹೀಟರ್ ಹಾಕ್ತಾರಾ?”

ಸ್ಪಿರಿಟ್ಟಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಸಂದಿಯನ್ನೂ ತಿಕ್ಕಿ ಒಣಗಿಸಿ, ಹಳೆಯ ಸೆನ್ಸರನ್ನೇ ಮತ್ತೆ ಕೂರಿಸಿದಳು. ಐಸಿಗೆ ದೀಪ ಹತ್ತಿತು, ಅಂಗೈ ಬಿಸಿಗೆ ಆರಿತು. ವೆಂಕಟರವಣಪ್ಪ ಡಬ್ಬಿಗೆ ಕೈಮುಗಿಯಲು ಹೋದರು. ದೂರದಿಂದಲೇ ಮುಗಿಯಿರಿ ಎಂದಳು.

ಅವರು ಸಂಜೆಯ ಬಸ್ಸು ಹಿಡಿದರು. ಆ ರಾತ್ರಿ ಹುಳುಮನೆ ಬೆಚ್ಚಗಾಯಿತು, ಬೆಳಿಗ್ಗೆ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿಬಂದರು. ಬೆಂದ ತಟ್ಟೆಯೊಂದು ಬಿಟ್ಟರೆ ಬೆಳೆ ಉಳಿಯಿತು.

ಈ ಕಥೆ ಈಗ ಜ್ಯೋತಿಲಕ್ಷ್ಮಿಯ ಪಾಠದಲ್ಲಿ ಸೇರಿದೆ. ಅದರಲ್ಲಿ ಆಕೆ ಮೊದಲೇ ಮೀಟರ್ ಇಟ್ಟಿರುತ್ತಾಳೆ.

ಅಂಥ ಡಬ್ಬಿಗಳನ್ನು ಮಾರುವವನು ನಾನು. ಒಳಗೇನಿದೆ ಎಂದು ಗಿರಾಕಿಗಳು ಕೇಳಿದಾಗ ನಾನು ಕೊಡುವ ಉತ್ತರವೆಲ್ಲ ಆಕೆ ಕಲಿಸಿದ್ದು.