ಅತ್ತೆಮ್ಮ ಬಾಯಿ ಬಿಟ್ಟ ರಾತ್ರಿ

ಕಪ್ಪೆಚಿಪ್ಪು ರಾತ್ರಿ ನಿದ್ದೆ ಮಾಡುತ್ತದೆಯೇ ಅಂತ ನಮ್ಮ ಬ್ರೆಡ್ ಮಾವನನ್ನು ಒಮ್ಮೆ ಕೇಳಿ ನೋಡಿ. ಬಿಸಿಲು, ಮಳೆ, ಮಂಡಿನೋವು, ಯಾವುದರ ಬಗ್ಗೆ ಕೇಳಿದರೂ "ಹೂಂ", "ಉಹುಂ" ಎರಡರಲ್ಲೇ ಮುಗಿಸುವ ಮನುಷ್ಯ ಇದೊಂದಕ್ಕೆ ಮಾತ್ರ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ನಿಮಗೆ ಹೊರಡುವ ಅವಸರವಿದ್ದರೆ ಕೇಳಲೇಬೇಡಿ, ಆಮೇಲೆ ಹೇಳಿಕೊಟ್ಟವರನ್ನು ಬೈಯಬೇಡಿ.

ಮೂವತ್ತೊಂದು ವರ್ಷ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಂತವರು ಅವರು. ಆ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಅವರ ದಿನಚರಿ ಹೇಗಿತ್ತೆಂದರೆ, ಕೇಳಿದವರಿಗೇ ಆಕಳಿಕೆ ಬರಬೇಕು. ರಾತ್ರಿ ಎರಡಕ್ಕೆ ಏಳುವುದು, ಮಧ್ಯಾಹ್ನ ಹನ್ನೆರಡಕ್ಕೆ ಬರುವುದು, ಉಂಡು ಹಿಂದಿನ ಕೋಣೆಯಲ್ಲಿ ಐದರವರೆಗೆ ಬಿದ್ದುಕೊಳ್ಳುವುದು, ಆರಕ್ಕೆ ಮರುದಿನದ ಹಿಟ್ಟು ಕಲಸಲು ಮತ್ತೆ ಹೋಗುವುದು, ಹತ್ತಕ್ಕೆ ಬಂದು ಇನ್ನೊಂದು ನಾಲ್ಕು ತಾಸು ಕಣ್ಣು ಮುಚ್ಚುವುದು. ಹೆಂಡತಿಯ ಲೋಕವೇ ಬೇರೆ. ಅವರು ಮನೆಯಲ್ಲೇ ಬಟ್ಟೆ ಆಲ್ಟರ್ ಮಾಡಿಕೊಡುವವರು. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ಪು ಹಾಕುವುದು, ಹೊಟ್ಟೆ ಬಂದವರ ಸೊಂಟ ಬಿಡಿಸಿಕೊಡುವುದು. ಬೆಳಗ್ಗೆ ಐದಕ್ಕೇ ಕಿಟಕಿಯ ಪಕ್ಕ ಮೆಷಿನ್ ಮುಂದೆ ಕೂತರೆ ಸಂಜೆ ಗಿರಾಕಿಗಳ ಗಲಾಟೆ ಮುಗಿಸಿ ಒಂಬತ್ತಕ್ಕೆಲ್ಲ ಹಾಸಿಗೆ. ಒಂದೇ ಮನೆಯಲ್ಲಿ ಇಬ್ಬರಿದ್ದರೂ ಒಬ್ಬರು ಎದ್ದಿದ್ದಾಗ ಇನ್ನೊಬ್ಬರು ಮಲಗಿರುತ್ತಿದ್ದರು. ಮಕ್ಕಳಿರಲಿಲ್ಲ.

ಆ ಮನೆಗೆ ಕಪ್ಪೆಚಿಪ್ಪು ಬಂದದ್ದು ಒಬ್ಬ ಹಲ್ಲಿನ ಡಾಕ್ಟರ್ ದೆಸೆಯಿಂದ. ಅವರ ಬಿಳಿ ಕೋಟುಗಳನ್ನೆಲ್ಲ ಹೊಲಿದುಕೊಡುತ್ತಿದ್ದವರು ಈ ಹೆಂಡತಿಯೇ. ಡಾಕ್ಟರ್ ಕ್ಲಿನಿಕ್ ಮುಚ್ಚಿ ಮಗಳ ಊರಿಗೆ ಹೊರಟಾಗ, ಕಾಯುವ ಕೋಣೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಮ್ಮನ್ನು ಕಲ್ಲು, ಹವಳ, ಆರು ಮೀನು, ಒಂದು ಚಿಪ್ಪಿನ ಸಮೇತ ಇವರಿಗೆ ಬಿಟ್ಟುಕೊಟ್ಟರು. ಹೋಗುವಾಗ ಚಿಪ್ಪಿನ ಕಡೆ ಕೈ ತೋರಿಸಿ, ನನ್ನ ಕ್ಲಿನಿಕ್ಕಿನಲ್ಲಿ ತಾನಾಗಿ ಖುಷಿಯಿಂದ ಬಾಯಿ ಬಿಡುತ್ತಿದ್ದದ್ದು ಇದೊಂದೇ, ಚೆನ್ನಾಗಿ ನೋಡಿಕೊಳ್ಳಿ ಅಂದರಂತೆ. ಅಂದಿನಿಂದ ಆ ಮನೆಯಲ್ಲಿ "ಬಾಯಿ ಬಿಟ್ಟಿದೆ" ಅಂದರೆ ಚಿಪ್ಪು ಆರೋಗ್ಯವಾಗಿದೆ ಅಂತಲೇ ಅರ್ಥ. ಈ ಮಾತನ್ನು ಸ್ವಲ್ಪ ಗಮನದಲ್ಲಿಡಿ, ಮುಂದೆ ಅನಾಹುತ ಆಗುವುದು ಇದರಿಂದಲೇ.

ಅಂಗೈಯಗಲದ ಚಿಪ್ಪು. ಹಗಲು ಅಕ್ವೇರಿಯಮ್ಮಿನ ಮೇಲಿನ ದೀಪ ಹಾಕಿದರೆ ಎರಡು ಹೋಳಿನ ನಡುವಿನಿಂದ ನೀಲಿ ಹಸಿರು ಮಾಂಸದ ಅಂಚು ಹೊರಗೆ ಚೆಲ್ಲಿಕೊಂಡು ಅಲೆಅಲೆಯಾಗಿ ಹರಡುತ್ತಿತ್ತು. ಹೆಂಡತಿ ಅದನ್ನು ಫ್ರಿಲ್ಲು ಅನ್ನುತ್ತಿದ್ದರು, ದರ್ಜಿಗಳ ಬಾಯಲ್ಲಿ ಇನ್ನೇನು ಬರುತ್ತದೆ! ಆ ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಕಣ್ಣುಗಳು. ಯಾರದಾದರೂ ನೆರಳು ಬಿದ್ದರೆ ಸಾಕು, ಫಟ್ಟನೆ ಮುಚ್ಚಿಕೊಂಡು ಕಾಲು ಗಂಟೆ ಮುನಿಸು. ಎರಡೇ ದಿನಕ್ಕೆ ಹೆಂಡತಿ ಅದಕ್ಕೆ ಅತ್ತೆಮ್ಮ ಅಂತ ಹೆಸರಿಟ್ಟರು. ನಮ್ಮಮ್ಮ ನಿನ್ನ ಮೇಲೆ ಯಾವತ್ತು ಮುನಿಸಿಕೊಂಡಿದ್ದರು ಅಂತ ಮಾವ ಒಂದು ವಾರ ಮುಖ ಊದಿಸಿಕೊಂಡರು. ಆಮೇಲೆ ಅವರೂ ಅತ್ತೆಮ್ಮ ಅಂತಲೇ ಕರೆಯತೊಡಗಿದರು, ಅದೂ ಬಹುವಚನದಲ್ಲಿ.

ಹಗಲಿನ ಅತ್ತೆಮ್ಮ ಹೆಂಡತಿಯ ಪಾಲಿಗೆ, ರಾತ್ರಿಯ ಅತ್ತೆಮ್ಮ ಗಂಡನ ಪಾಲಿಗೆ. ಬೆಳಗ್ಗೆ ಎಂಟಕ್ಕೆ ದೀಪ ಹಾಕುವುದು, ಆವಿಯಾದಷ್ಟು ಸಿಹಿನೀರು ಸೇರಿಸುವುದು, ರಾತ್ರಿ ಎಂಟಕ್ಕೆ ದೀಪ ಆರಿಸುವುದು ಹೆಂಡತಿಯ ಕೆಲಸ. ಹತ್ತಕ್ಕೆ ಹಿಟ್ಟಿನ ಕೈ ತೊಳೆದುಕೊಂಡು ಮಾವ ಕತ್ತಲಲ್ಲಿ ಬರುತ್ತಿದ್ದರು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡು, ಅತ್ತೆಮ್ಮನಿಗೆ ಎಚ್ಚರವಾಗದ ಹಾಗೆ ಬೆಳಕು ಬಿಡುತ್ತಿದ್ದರು. ಫ್ರಿಲ್ಲನ್ನೆಲ್ಲ ಒಳಗೆ ಎಳೆದುಕೊಂಡು, ಬೆರಳು ತೂರುವಷ್ಟೇ ಸಂದು ಬಿಟ್ಟುಕೊಂಡು, ಅದು ಕಲ್ಲಿಗೆ ಒರಗಿರುತ್ತಿತ್ತು. ಆ ಹೊತ್ತಿಗೇ ಮರಳಿನಡಿಯಿಂದ ಅಕ್ಕಿಕಾಳಿನಂಥ ಸಣ್ಣ ಬಸವನಹುಳಗಳು ಹತ್ತಿ ಬರುವುದು. ಚಿಪ್ಪಿನ ಅಂಚಿಗೆ ಕೂತು ಜೀವರಸ ಹೀರುವ ಕಳ್ಳರು, ಹಗಲು ಹುಡುಕಿದರೆ ಒಂದೂ ಕಾಣುವುದಿಲ್ಲ. ಮಾವ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದನ್ನೇ ಉಜ್ಜಿ ತೆಗೆಯುತ್ತಿದ್ದರು. ಇನ್ನೂರು ಬ್ರೆಡ್ಡನ್ನು ಒಂದೇ ಏಟಿಗೆ ಒಲೆಗೆ ತಳ್ಳುವ ಕೈ ಅದು, ಇಲ್ಲಿ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿತ್ತು.

ಇಬ್ಬರೂ ವರದಿ ಒಪ್ಪಿಸುತ್ತಿದ್ದದ್ದು ಅಕ್ವೇರಿಯಮ್ಮಿನ ಪಕ್ಕ ತೂಗುಹಾಕಿದ್ದ ಸ್ಲೇಟಿನಲ್ಲಿ. "ಇವತ್ತು ಅತ್ತೆಮ್ಮ ಅಗಲವಾಗಿ ಬಾಯಿ ಬಿಟ್ಟಿದ್ದರು" ಅಂತ ಹೆಂಡತಿ. "ಬಾಯಿ ಮುಚ್ಚಿ ಮಲಗಿದ್ದಾರೆ, ಹುಳ ಮೂರು" ಅಂತ ಗಂಡ. ಬರಬರುತ್ತ ಅದರ ಕೆಳಗೆ ಇನ್ನೊಂದು ಸಾಲು ಸೇರತೊಡಗಿತು. "ನಿನ್ನ ಕೆಮ್ಮು ಕೇಳಿಸಿತು, ಔಷಧಿ ಕುಡಿ." "ಕೋಟಿನ ಕಾಲರ್ ಹರಿದಿದೆ, ಬಿಚ್ಚಿಟ್ಟು ಹೋಗಿ." ಒಮ್ಮೆ ಏನೋ ಜಗಳವಾದಾಗ ಮಾವ "ಮುನಿಸು ಇಳಿಯಿತಾ?" ಅಂತ ಬರೆದಿದ್ದರು. ಕೆಳಗೆ ಉತ್ತರ: "ಅತ್ತೆಮ್ಮನದೋ, ನನ್ನದೋ?" ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬರೇ ನಗುತ್ತ ಹೋದರಂತೆ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಎಂಥ ಚೆಂದದ ಕಾಲ ಅದು ಅಂತ ಈಗಲೂ ಮಾವ ನೆನೆಸಿಕೊಳ್ಳುತ್ತಾರೆ, ಆಗ ಬರೀ ನಿದ್ದೆಗೆಟ್ಟ ಕಾಲ ಅನ್ನಿಸಿತ್ತಂತೆ.

ಆಮೇಲೆ ನಿವೃತ್ತಿ ಬಂತು. ಎಲ್ಲರೂ ಇನ್ನು ಆರಾಮಾಗಿರಿ ಅಂದರು, ಎಲ್ಲಿಯ ಆರಾಮು? ಎದುರಿಗೇ ಮನುಷ್ಯ ಕೂತಿರುವಾಗ ಸ್ಲೇಟಿನಲ್ಲಿ ಯಾರು ಬರೆಯುತ್ತಾರೆ? ಎದುರಿಗೆ ಕೂತವರಿಗೋ ಏನು ಮಾತಾಡಬೇಕು ಅಂತ ತಿಳಿಯುತ್ತಿರಲಿಲ್ಲ. ಊಟ ಆಯ್ತು, ಕಾಫಿ ಆಯ್ತು, ಮೆಷಿನ್ನಿನ ಸದ್ದು, ಮತ್ತೆ ಮೌನ. ನಡುವೆ ಅತ್ತೆಮ್ಮನ ಸುದ್ದಿ ಬಂದರೆ ಮಾತ್ರ ಇಬ್ಬರಿಗೂ ಜೀವ ಬಂದಂತಾಗುತ್ತಿತ್ತು. ಈ ಚಿಪ್ಪೊಂದು ಇಲ್ಲದೆ ಹೋದರೆ ನಮ್ಮಿಬ್ಬರಿಗೆ ಮಾತಾಡಲು ಏನಿದೆ ಅಂತ ಮಾವನಿಗೆ ಒಳಗೊಳಗೇ ದಿಗಿಲು. ಅದನ್ನು ಹೆಂಡತಿಯ ಹತ್ತಿರ ಬಾಯಿ ಬಿಟ್ಟು ಹೇಳುವ ಪೈಕಿಯೇ ಅವರು?

ಹೀಗಿರುವಾಗ ಹೆಂಡತಿಯ ಅಕ್ಕ ಮೆಟ್ಟಿಲಿನಿಂದ ಜಾರಿ ಮಣಿಕಟ್ಟು ಮುರಿದುಕೊಂಡರು. ನೋಡಿಕೊಳ್ಳಲು ಹೆಂಡತಿ ಎಂಟು ದಿನಕ್ಕೆ ಹೊರಟರು. ಅಷ್ಟು ದಿನ ಮನೆ ಬಿಟ್ಟಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಹಗಲಿನ ಕೆಲಸಗಳನ್ನೆಲ್ಲ ಎರಡೆರಡು ಸಲ ಹೇಳಿದರು. ಮಾವ ಪ್ರತಿಯೊಂದಕ್ಕೂ "ಹೂಂ" ಅಂದರು.

ಮೊದಲ ರಾತ್ರಿ ಎಂಟಕ್ಕೆ ದೀಪ ಆರಿಸಲು ಕೈ ಹೋಯಿತು. ಮನೆಯೆಲ್ಲ ಕತ್ತಲು, ಒಳಕೋಣೆಯಲ್ಲಿ ಯಾರ ಉಸಿರೂ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇರಲಿ, ಮೀನುಗಳಾದರೂ ಜೊತೆಗಿರಲಿ ಅಂತ ಬಿಟ್ಟರು. ಆ ಸ್ವಲ್ಪ ಹೊತ್ತು ಬೆಳಗಿನವರೆಗೆ ನಡೆಯಿತು. ಎರಡನೇ ರಾತ್ರಿಯೂ ಅಷ್ಟೇ. ಮೂರನೇ ರಾತ್ರಿ ಕುರ್ಚಿಯಲ್ಲೇ ತೂಕಡಿಸಿ, ಹಳೇ ಅಭ್ಯಾಸದಂತೆ ಎರಡಕ್ಕೆ ಸರಿಯಾಗಿ ಕಣ್ಣು ಬಿಟ್ಟರು. ನೋಡುತ್ತಾರೆ, ಅತ್ತೆಮ್ಮ ಫ್ರಿಲ್ಲನ್ನೆಲ್ಲ ಹೊರಗೆ ಹಾಕಿಕೊಂಡು ಇಷ್ಟಗಲ ಹರಡಿದ್ದಾರೆ! ಹದಿನಾಲ್ಕು ವರ್ಷದಲ್ಲಿ ಆ ಹೊತ್ತಿನಲ್ಲಿ ಅವರು ಹಾಗೆ ಕಂಡದ್ದಿಲ್ಲ. ಏನೋ ಕಾಯಿಲೆಯೇ ಬಡಿಯಿತು ಅಂದುಕೊಂಡರು ಮಾವ. ದೀಪ ಉರಿಯುತ್ತಿರುವುದು ಕಣ್ಣೆದುರಿಗೇ ಇದೆ, ತಲೆಗೆ ಹೋಗಬೇಕಲ್ಲ! ಬೆಳಗಾಗುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕೂತು, ಮೀನಿನಂಗಡಿ ತೆರೆಯುವ ಹೊತ್ತಿಗೆ ಫೋನ್ ಮಾಡಿದರು. ಅತ್ತೆಮ್ಮ, ಅಂದರೆ ನಮ್ಮ ಚಿಪ್ಪು, ನಡುರಾತ್ರಿಯಲ್ಲಿ ಬಾಯಿ ಬಿಟ್ಟಿದೆ ಅಂತ ಒದರಿದರು.

"ರಾತ್ರಿಯೆಲ್ಲ ಬಿಟ್ಕೊಂಡೇ ಇತ್ತಾ?" ಅಂತ ಅಂಗಡಿಯವನು ಕೇಳಿದ.

"ಹೂಂ."

"ಈಗಲೂ ಹಾಗೇ ಇದೆಯಾ?"

"ಹೂಂ."

"ಹಾಗಿದ್ರೆ ಅದು ಹೋಗಿದೆ ಸರ್. ಬೇಗ ತೆಗೆದುಬಿಡಿ. ಒಳಗೇ ಕೊಳೆತರೆ ಮೀನೂ ಉಳಿಯಲ್ಲ."

ಅಂಗಡಿಯವನದು ತಪ್ಪಿಲ್ಲ ಬಿಡಿ. ಅವನ ಲೆಕ್ಕದಲ್ಲಿ ಚಿಪ್ಪು ಬಾಯಿ ಬಿಡುವುದು ಅಂದರೆ ಎರಡು ಹೋಳೂ ಜೋತುಬಿದ್ದು, ಮಾಂಸ ಸೋತು, ಮತ್ತೆ ಮುಚ್ಚುವ ತ್ರಾಣವೇ ಇಲ್ಲದಿರುವುದು. ಈ ಮನೆಯವರ ಭಾಷೆ ಅವನಿಗೇನು ಗೊತ್ತು? ಫ್ರಿಲ್ಲು ಚೆನ್ನಾಗಿ ಹರಡಿದೆ ಅಂತ ಒಂದು ಮಾತು ಬಿಡಿಸಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಮಾವ "ಹೂಂ" ಬಿಟ್ಟು ಬೇರೆ ಮಾತಾಡಿದರೆ ನಾಲಿಗೆ ಸವೆದುಹೋಗುತ್ತದಲ್ಲ!

ಫೋನ್ ಇಟ್ಟವರು ತಲೆ ಮೇಲೆ ಕೈ ಹೊತ್ತು ಕೂತರು. ಹೆಂಡತಿ ನಂಬಿ ಬಿಟ್ಟುಹೋದ ಮೂರೇ ದಿನಕ್ಕೆ ಕೊಂದುಬಿಟ್ಟೆನಲ್ಲ. ಅವಳು ಬಂದ ಮೇಲೆ ಮೆಷಿನ್ ಮುಂದೆ ಅವಳು, ಕುರ್ಚಿಯಲ್ಲಿ ನಾನು, ನಡುವೆ ಏನೂ ಇಲ್ಲ. ಅತ್ತರು ಕೂಡ, ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಎಷ್ಟೋ ಹೊತ್ತಿನ ಮೇಲೆ ಎದ್ದು, ಬ್ರೆಡ್ಡಿನ ಹಿಟ್ಟಿಗೆ ಗೀರು ಹಾಕುತ್ತಿದ್ದ ಹಳೆಯ ಬ್ಲೇಡು ತಂದರು. ಅತ್ತೆಮ್ಮ ಹೊಟ್ಟೆಯಡಿಯಿಂದ ಗಟ್ಟಿ ನಾರು ಬಿಟ್ಟು ಕಲ್ಲಿಗೆ ಅಂಟಿಕೊಂಡಿದ್ದರು. ಆ ನಾರು ಕತ್ತರಿಸದೆ ಬಿಡಿಸುವಂತಿಲ್ಲ, ಬದುಕಿರುವಾಗ ಹಾಗೆ ಕಿತ್ತರೆ ಮತ್ತೆ ಉಳಿಯುವಂತಿಲ್ಲ. ತೋಳು ಮಡಚಿ, ಕಣ್ಣೊರೆಸಿಕೊಂಡು, ಕೈ ನೀರಿಗಿಳಿಸಿದರು.

ನೆರಳು ಬಿತ್ತು ನೋಡಿ, ಅತ್ತೆಮ್ಮ ಫಟ್ಟನೆ ಮುಚ್ಚಿಕೊಂಡರು. ಎಂಥ ರಭಸವೆಂದರೆ ನೀರು ಚಿಮ್ಮಿ ಮಾವನ ಮೂಗಿಗೆ ಬಡಿಯಿತು.

ಸತ್ತದ್ದು ಮುನಿಸಿಕೊಳ್ಳುವುದಿಲ್ಲವಲ್ಲ. ಮಾವ ಕೈ ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಒರಗಿ ನಿಂತರು. ಕಾಲು ಗಂಟೆಯ ಮೇಲೆ ಫ್ರಿಲ್ಲು ಮೆಲ್ಲಗೆ ಮತ್ತೆ ಹೊರಗೆ ಬಂತು. ಆಗ ಅವರ ಕಣ್ಣು ಮೇಲಿನ ದೀಪದ ಮೇಲೆ ಬಿತ್ತು. ಮೂರು ರಾತ್ರಿ ಹಗಲು ಮಾಡಿಟ್ಟಿದ್ದೀನಿ, ಪಾಪ, ಅವರಾದರೂ ಹೇಗೆ ಮಲಗಬೇಕು ಅಂತ ತಲೆ ಚಚ್ಚಿಕೊಂಡರು. ಆವತ್ತು ರಾತ್ರಿ ಎಂಟು ಬಡಿಯುವುದಕ್ಕೂ ಕಾಯದೆ ದೀಪ ಆರಿಸಿದರು. ಸ್ವಲ್ಪ ಹೊತ್ತಿಗೆ ಕೆಂಪು ಟಾರ್ಚು ಬಿಟ್ಟು ನೋಡಿದರೆ ಅತ್ತೆಮ್ಮ ಎಲ್ಲವನ್ನೂ ಒಳಗೆಳೆದುಕೊಂಡು, ಬೆರಳಗಲದ ಸಂದು ಬಿಟ್ಟು, ಮೊದಲಿನ ಹಾಗೇ ಒರಗಿದ್ದರು.

ಹೆಂಡತಿ ದಿನಾ ಆ ಹೊತ್ತಿಗೆ ಫೋನ್ ಮಾಡಿ, ಊಟ ಆಯ್ತಾ, ಅತ್ತೆಮ್ಮ ಹೇಗಿದ್ದಾರೆ ಅಂತ ಎರಡು ಪ್ರಶ್ನೆ ಕೇಳಿ ಇಟ್ಟುಬಿಡುತ್ತಿದ್ದರು. ಆ ರಾತ್ರಿಯೂ ಕೇಳಿದರು. ಮಾವ "ಹೂಂ" ಅನ್ನಲಿಲ್ಲ. ಕತ್ತಲಲ್ಲಿ ನಿಂತುಕೊಂಡೇ ದೀಪ, ಕುರ್ಚಿ, ಅಂಗಡಿಯವನು, ಬ್ಲೇಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಬೈಗುಳಕ್ಕೆ ತಯಾರಾಗಿ ಕಾದರು.

"ನೀನಿಲ್ಲದೆ ನಿದ್ದೆ ಬರ್ತಿಲ್ಲ ಅಂತ ಒಂದು ಮಾತು ಹೇಳೋಕೆ," ಅಂದರು ಹೆಂಡತಿ, "ಅತ್ತೆಮ್ಮನ ಜೀವ ತೆಗೆಯೋವರೆಗೂ ಹೋಗಬೇಕಿತ್ತೇನ್ರೀ?"

ಮಾವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ನಿದ್ದೆ ಬರ್ತಿಲ್ಲ ಕಣೇ," ಅಂದರು. "ಈ ಮನೇಲಿ ನೀನು ಮಲಗಿದ್ದೀಯ ಅಂತ ಗೊತ್ತಿದ್ರೆ ಮಾತ್ರ ನಂಗೆ ನಿದ್ದೆ ಬರೋದು."

ಅಕ್ಕನ ಕೈಗೆ ಇನ್ನೂ ಐದು ದಿನ ಆರೈಕೆ ಬೇಕು, ಈಗಲೇ ಬರಲಾಗುವುದಿಲ್ಲ ಅಂದರು ಹೆಂಡತಿ. ಅಂದರೇ ಹೊರತು ಫೋನ್ ಇಡಲಿಲ್ಲ. ತನಗೂ ಅಲ್ಲಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ನೀವು ಚಪ್ಪಲಿ ಹುಡುಕುವ ಸದ್ದು ಕೇಳದೆ ಮತ್ತೆ ಕಣ್ಣು ಮುಚ್ಚುವುದೇ ಇಲ್ಲ ಅಂದರು. ಹಾಗಾದರೆ ಇಷ್ಟು ವರ್ಷ ನಾನು ಹೊರಡುವಾಗ ನಿನಗೆ ಎಚ್ಚರವಿರುತ್ತಿತ್ತಾ ಅಂತ ಮಾವ ಕೇಳಿದರು. ಇರುತ್ತಿತ್ತು ಅಂದರು. ಒಂದು ದಿನವೂ ಹೇಳಲಿಲ್ಲವಲ್ಲೇ ಅಂದದ್ದಕ್ಕೆ, ನೀವು ಒಂದು ದಿನವೂ ಕೇಳಲಿಲ್ಲವಲ್ಲ ಅಂದರು. ಮಾತು ಹಾಗೇ ಸಾಗಿತು. ಅಕ್ಕ ಎರಡು ಸಲ ಕರೆದರೂ ಹೆಂಡತಿ ಏಳಲಿಲ್ಲ, ಮಾವ ನಿಂತು ನಿಂತು ಕಾಲು ಸೋತು ನೆಲದ ಮೇಲೇ ಕೂತರು. ಒಂದೂವರೆ ತಾಸಿನ ಮೇಲೆ ಫೋನ್ ಇಟ್ಟಾಗ ಅವರಿಗೆ ನೆನಪಾಯಿತು, ಆ ಬ್ಲೇಡಿನ ಕಥೆ ಮುಗಿದ ಮೇಲೆ ಇಷ್ಟು ಹೊತ್ತು ಇಬ್ಬರೂ ಅತ್ತೆಮ್ಮನ ಹೆಸರನ್ನೇ ಎತ್ತಿರಲಿಲ್ಲ.