ಎಡೆಯ ಮುಂದಿನ ಸುದ್ದಿ

ಕಳೆದ ಸೋಮವಾರ ಹುಗ್ಗಿಯ ಒಗ್ಗರಣೆ ಚುಂಯ್ ಎಂದದ್ದೇ ತಡ, ಅಭ್ಯಾಸಬಲದಿಂದ ನನ್ನ ಕೈ ಸೌಟಿನ ಕಡೆ ಹೋಯಿತು. "ನೈವೇದ್ಯ ಆಗೋವರೆಗೂ ರುಚಿ ನೋಡಬೇಡಿ" ಎಂದಳು ಹೆಂಡತಿ. ಕೈಯೇನೋ ಹಿಂದಕ್ಕೆ ಬಂತು. ಆ ಮಾತು ಮಾತ್ರ ನನ್ನನ್ನು ಚಾಮರಾಜನಗರದ ಈ ಅಡುಗೆಮನೆಯಿಂದ ಎಳೆದುಕೊಂಡು ಹೋಗಿ ತೆರಕಣಾಂಬಿಯ ದೊಡ್ಡಮ್ಮನ ಮನೆಯಲ್ಲಿ ಕೂರಿಸಿತು.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಅಲ್ಲಿನ ಶಾಲೆಗೆ ನಾನು ಕನ್ನಡ ಮೇಷ್ಟ್ರು, ನನ್ನ ತಾಯಿಯ ಅಕ್ಕ ಅಡುಗೆಯವರು. ದಿನಾ ನಮ್ಮೂರು ಹರದನಹಳ್ಳಿಯಿಂದ ಬಸ್ಸಿನಲ್ಲಿ ಓಡಾಡಲು ಸೋಮಾರಿತನವಾಗಿ ಅವರ ಮನೆಯಲ್ಲೇ ಉಳಿದುಕೊಂಡಿದ್ದೆ. ಶಾಲೆಯಲ್ಲಿ ಹತ್ತು ಸಲ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದ ಹೆಂಗಸು, ಸೋಮವಾರ ಮನೆದೇವರು ಮಾದಪ್ಪನ ಎಡೆಗೆ ಮಾಡಿದ್ದನ್ನು ಮಾತ್ರ ಮೂಸಿಯೂ ನೋಡುತ್ತಿರಲಿಲ್ಲ. ನಿಮಗೂ ಗೊತ್ತಿರುತ್ತದೆ, ಇಂಥ ಮನೆಗಳಲ್ಲಿ ಹುಗ್ಗಿಯ ಉಪ್ಪು ದೇವರಿಚ್ಛೆ.

ಎಡೆ ಇಟ್ಟು ಪಟದ ಮುಂದೆ ಕುಕ್ಕರಿಸಿದರೆ ಮಾತು ಶುರು. "ಉಪ್ಪಾಕಿದ್ನೋ ಇಲ್ವೋ ನೆಪ್ಪಿಲ್ಲ ಕಣಪ್ಪ, ಒಂದ್ಕೊ. ಎಮ್ಮೆ ಇನ್ನೂ ಕರ ಆಕಿಲ್ಲ. ತಂಗಿ ಮಗ ಬಂದು ಸೇರ್ಕಂಡವ್ನೆ, ನೆಟ್ಟಗೆ ಉಣ್ಣಾಕಿಲ್ಲ. ನಮ್ಮ ಯಜಮಾನ್ರಿಗೂ ಒಂದು ಮಾತು ಏಳ್ಬುಡು." ಯಜಮಾನರು, ಎಂದರೆ ನನ್ನ ದೊಡ್ಡಪ್ಪ, ತೀರಿಕೊಂಡು ಐದಾರು ವರ್ಷವಾಗಿತ್ತು.

"ದೇವರಿಗೆ ಎಲ್ಲಾ ಗೊತ್ತಿರಲ್ವಾ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದ್ದೆ.

"ಗೊತ್ತಿರ್ತದೆ. ನಾವಾಗಿ ಏಳ್ದೆ ಇದ್ರೆ ಅವ್ನಿಗೆ ಬೇಜಾರಾಗಕಿಲ್ವಾ?"

ಹೊಸ ಮೇಷ್ಟ್ರ ಗತ್ತು ನೋಡಿ. ಇದೆಲ್ಲ ನೈವೇದ್ಯವಲ್ಲ, ಮಂತ್ರ ಹೇಳಬೇಕು ಎಂದು ಪಾಠ ಮಾಡಿದೆ. "ನೈವೇದ್ಯಂ ಸಮರ್ಪಯಾಮಿ" ಎಂಬುದನ್ನು ಅವರು ಅಕ್ಕಿ ಆರಿಸುತ್ತಾ ಬಾಯಿಪಾಠ ಮಾಡಿದರು. ಓದಿದ ಮಗ ಹೇಳಿದ ಮೇಲೆ ಮುಗಿಯಿತು. ಮುಂದಿನ ಸೋಮವಾರ ಎಡೆ ಇಟ್ಟರು, ಎರಡು ಪದ ಹೇಳಿದರು, ಎದ್ದರು. ಮೂರು ಸೋಮವಾರ ಹೀಗೇ. ಎಮ್ಮೆ ಕರ ಹಾಕಿತು. ದೇವರಿಗೆ ಸುದ್ದಿ ಹೋಗಲಿಲ್ಲ. ದೊಡ್ಡಮ್ಮ ನನ್ನೊಡನೆಯೂ ಮಾತು ಕಡಿಮೆ ಮಾಡಿದರು. ನನಗೆ ಊಟ ಸೇರದಾಯಿತು, ಕಾರಣ ಮಾತ್ರ ಹೊಳೆಯಲಿಲ್ಲ.

ಹೊಳೆಸಿದ್ದು ನಿಘಂಟು. ಒಂದು ಬೆಳಿಗ್ಗೆ ಯಾವುದೋ ಪಾಠಕ್ಕೆ ಪದ ಹುಡುಕುತ್ತಿದ್ದವನಿಗೆ ನೈವೇದ್ಯ ಕಣ್ಣಿಗೆ ಬಿತ್ತು. ಮೂಲ 'ವಿದ್', ಎಂದರೆ ತಿಳಿ. ವೇದಕ್ಕೂ ಅದೇ ಬೇರು. ಅದರಿಂದ ನಿವೇದನೆ, ಎಂದರೆ ತಿಳಿಸುವುದು, ಅರಿಕೆ ಮಾಡುವುದು. ನಿವೇದಿಸಿದ್ದೇ ನೈವೇದ್ಯ. ದೊಡ್ಡಮ್ಮ ಆಯುಸ್ಸಿಡೀ ಮಾಡಿಕೊಂಡು ಬಂದದ್ದನ್ನು ನಾನು ಬಾಯಿ ಮುಚ್ಚಿಸಿ ನಿಲ್ಲಿಸಿದ್ದೆ. ಓಡಿಹೋಗಿ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ.

ದೊಡ್ಡಮ್ಮ ಬೈಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮೂರು ವಾರದಿಂದ ನಿಮ್ಮ ದೊಡ್ಡಪ್ಪನ್ಗೂ ಸುದ್ದಿ ಓಗಿಲ್ಲ ಕಣ್ಲಾ" ಎಂದರು. ಆಮೇಲೆ ಸೋಮವಾರಕ್ಕೂ ಕಾಯದೆ, ಒಂದು ಬೆಲ್ಲದಚ್ಚು ಇಟ್ಟು ಪಟದ ಮುಂದೆ ಕುಳಿತರು. "ಮಾದಪ್ಪ, ಎಮ್ಮೆ ಎಣ್ಗರ ಆಕ್ತು. ಈ ಮೇಷ್ಟ್ರು ನನ್ನ ಬಾಯಿ ಕಟ್ಬುಟ್ಟಿದ್ದ, ಬೇಜಾರು ಮಾಡ್ಕಬೇಡ. ಉಡ್ಗ, ಒಳ್ಳೇವ್ನೆಯ." ಅವತ್ತು ಬಾಕಿ ಸುದ್ದಿಯೆಲ್ಲ ಮುಗಿಯುವಷ್ಟರಲ್ಲಿ ನಮ್ಮಿಬ್ಬರ ಸ್ಕೂಲಿನ ಗಂಟೆ ಹೊಡೆದಿತ್ತು.

ಹೋದ ವರ್ಷ ದೊಡ್ಡಮ್ಮ ಹೋದರು. ಅರ್ಥ ಹೇಳಿಕೊಟ್ಟ ಮೇಷ್ಟ್ರು ಮಾತ್ರ ಇಷ್ಟು ವರ್ಷವೂ ದೇವರ ಮುಂದೆ ಆ ಎರಡು ಪದ ಹೇಳಿ ಊಟಕ್ಕೆ ಓಡುತ್ತಿದ್ದವನೇ.

ಕಳೆದ ಸೋಮವಾರ ಓಡಲಿಲ್ಲ. ಹೆಂಡತಿ ಎಡೆ ಇಟ್ಟಳು, ನಾನು ಪಟದ ಮುಂದೆ ಕುಳಿತೆ. "ಮಾದಪ್ಪ," ಎಂದೆ, "ಉಪ್ಪು ಹೆಂಗಿದೆಯೋ ಗೊತ್ತಿಲ್ಲ, ಹೊಂದ್ಕೊ. ನಾನು ನೆಟ್ಟಗೆ ಉಣ್ತಾ ಇದೀನಿ. ನಮ್ಮ ದೊಡ್ಡಮ್ಮನಿಗೂ ಒಂದು ಮಾತು ಹೇಳ್ಬುಡು."